ಬೀಟೆ ಬೀರುವಿಗೆ ಹೊಳಪು ಬಂದದ್ದು ಹೀಗೆ

ಮನೆಯ ಹಳೇ ಬೀಟೆ ಬೀರುವಿಗೆ ನಾನೇ ಸ್ಪಿರಿಟ್ ಪಾಲಿಶ್, ಅಂದರೆ ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಪಾಲಿಶ್, ಮಾಡಿದ್ದೇನೆ. ನೋಡಿದವರೆಲ್ಲ ಕೇಳುವುದು ಒಂದೇ, ಯಾವ ಕಂಪನಿ ಪಾಲಿಶ್ ಅಂತ. ಕಂಪನಿ ಯಾವುದಾದರೂ ನಡೆಯುತ್ತದೆ. ಹೊಳಪು ಬರುವುದು ಪಾಲಿಶ್ ಮುಟ್ಟುವ ಮೊದಲು ಮಾಡುವ ಕೆಲಸದಿಂದ. ಕೊಡಗಿನಲ್ಲಾದರೆ ಹವೆಯೂ ಒಪ್ಪಬೇಕು.

ಮಳೆಗಾಲದಲ್ಲಿ ಅರಗಿನ ಪಾಲಿಶ್ ಸಹವಾಸವೇ ಬೇಡ. ಸ್ಪಿರಿಟ್ ಆರುವಾಗ ಮರದ ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲೇ ಕೂತು ಬೆಳ್ಳಗೆ ಮಬ್ಬು ಕಟ್ಟುತ್ತದೆ. ಅದಕ್ಕೇ ನಮ್ಮ ಸುಗ್ಗಿ ಹಬ್ಬ ಹುತ್ತರಿ (ನವೆಂಬರ್-ಡಿಸೆಂಬರ್) ಕಳೆದ ಮೇಲೆ ಶುರು ಮಾಡಿದೆ. ಆಗಲೂ ಬೆಳಗಿನ ಮಂಜು ಕರಗಿ ಬಿಸಿಲು ಬಂದ ಮೇಲಷ್ಟೇ. ಕಾಫಿ ಕೊಯ್ಲಿನ ಸಮಯ ಬೇರೆ. ಕಣದ ದೂಳು ಬರದ ಹಾಗೆ ಆ ಕಡೆಯ ಕಿಟಕಿ ಮುಚ್ಚಿ, ಹಿಂದಿನ ಬಾಗಿಲು ತೆರೆದಿಟ್ಟೆ. ಸ್ಪಿರಿಟ್ ವಾಸನೆ ಹೊರಗೆ ಹೋಗಬೇಕಲ್ವಾ? ಹತ್ತಿರ ಒಲೆ, ಬೀಡಿ ಏನೂ ಇರಬಾರದು.

ಹಳೇ ಪಾಲಿಶ್ ತೆಗೆದು 120, 180, 240 ನಂಬರಿನ ಉಪ್ಪು ಕಾಗದದಲ್ಲಿ ಮರದ ಎಳೆಯ ಉದ್ದಕ್ಕೇ ಉಜ್ಜಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ನಾರು ಎದ್ದು ನಿಲ್ಲುತ್ತದೆ. ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಒಂದು ಕೈ ಆಡಿಸಿದರೆ ಸಾಕು.

ಬೀಟೆಯ ಮೈ ತುಂಬ ಸೂಜಿಯಿಂದ ಗೀರಿದಂಥ ಸಣ್ಣ ಕುಳಿಗಳು. ಅವು ತುಂಬದಿದ್ದರೆ ಎಷ್ಟು ಕೋಟ್ ಬಳಿದರೂ ಬೆಳಕು ಚೂರುಚೂರಾಗಿಯೇ ಕಾಣುತ್ತದೆ. ಮೊದಲು ತೆಳು ಪಾಲಿಶ್ ಒಂದು ಕೈ ಹೊಡೆದೆ. ಸೀಮೆಸುಣ್ಣದ ನುಣ್ಣನೆ ಪುಡಿಗೆ ಕಾವಿ ಮತ್ತು ಚೂರು ಕಪ್ಪು ಬಣ್ಣ ಬೆರೆಸಿ, ತೆಳು ಪಾಲಿಶ್‌ನಲ್ಲೇ ಕಲಸಿ, ಗೋಣಿ ತುಂಡಿನಿಂದ ಎಳೆಗೆ ಅಡ್ಡವಾಗಿ ತಿಕ್ಕಿದೆ. ಬಣ್ಣ ಬೆರೆಸದಿದ್ದರೆ ಆಮೇಲೆ ಬಿಳಿ ಚುಕ್ಕಿ ಎದ್ದು ಕಾಣುತ್ತದೆ. ಒಣಗಿದ ಮೇಲೆ ಉಜ್ಜಿ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡುವುದು. ಕುಳಿ ಕಂಡರೆ ಮತ್ತೆ ತಿಕ್ಕುವುದು. ಬೇಜಾರಿನ ಕೆಲಸ ಹೌದು, ಆದರೆ ಇದರಲ್ಲಿ ಕೈ ಬಿಗಿ ಹಿಡಿದವರ ಮರ ಹೊಳೆದದ್ದನ್ನು ನಾನು ನೋಡಿಲ್ಲ.

ಪಾಲಿಶ್‌ಗೆ ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಚಕ್ಕೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆ. ಒಮ್ಮೆಗೇ ಜಾಸ್ತಿ ಮಾಡಿಡಬೇಡಿ, ಹಳತಾದರೆ ಸರಿಯಾಗಿ ಒಣಗುವುದಿಲ್ಲ. ಹತ್ತಿ ಉಂಡೆಗೆ ಪಾಲಿಶ್ ಕುಡಿಸಿ, ಹಳೇ ಪಂಚೆ ತುಂಡಿನಲ್ಲಿ ಗಂಟು ಕಟ್ಟಿಕೊಂಡೆ. ಗಂಟಿನ ತಳ ಬೆರಳಿಗೆ ತೇವ ಅನ್ನಿಸಬೇಕು, ತೊಟ್ಟಿಕ್ಕಬಾರದು. ತಳಕ್ಕೆ ಒಂದು ತೊಟ್ಟು ಅಗಸೆ ಎಣ್ಣೆ ಮುಟ್ಟಿಸಿದರೆ ಜಾರುತ್ತದೆ. ಮೊದಮೊದಲು ಬಟ್ಟೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೀಟೆಯ ಬಣ್ಣವೇ ಸ್ಪಿರಿಟ್‌ನಲ್ಲಿ ಬಿಡುವುದು ಅದು. ಸುಮ್ನೆ ಗಾಬರಿಯಾಗಬೇಡಿ. ಸುತ್ತು ಸುತ್ತಾಗಿ ಕೈ ಆಡಿಸುತ್ತಲೇ ಇರಬೇಕು. ಮರದ ಮೇಲೆ ಕೈ ನಿಂತರೆ ಗಂಟು ಅಲ್ಲೇ ಕಚ್ಚಿ, ಕೋಟನ್ನು ಕಿತ್ತುಕೊಂಡೇ ಏಳುತ್ತದೆ. ಕೊನೆಗೆ ಬರೀ ಸ್ಪಿರಿಟ್ ತಾಗಿಸಿದ, ಹೆಚ್ಚುಕಮ್ಮಿ ಒಣಗಿದ ಗಂಟಿನಲ್ಲಿ ಉದ್ದಕ್ಕೆ ಎಳೆದೆ. ಎಣ್ಣೆಯ ಮಸುಕು ಹೋಗಿ ಹೊಳಪು ತೆರೆದುಕೊಂಡಿತು.

ಊಟದ ಮೇಜಿಗೆ ಮಾತ್ರ ಇದು ಬೇಡ. ಅರಗು ಬಿಸಿ ಲೋಟಕ್ಕೂ ತಡೆಯುವುದಿಲ್ಲ, ಬ್ರಾಂದಿ ಚೆಲ್ಲಿದರೂ ಕರಗುತ್ತದೆ. ನಮ್ಮ ಕಡೆ ನೆಂಟರು ಬಂದರೆ ಮೇಜಿನ ಮೇಲೆ ಏನೇನು ಬರುತ್ತದೆ ಗೊತ್ತಲ್ಲ. ಮಾವನವರ ಮನೆ ಮೇಜಿಗೆ ಇವನ್ನು ತಡೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಸಿ ಅಂದದ್ದು ನಾನೇ.