ಹಳೆಯ ಹಾಯಿದೋಣಿ ಹುಡುಕುವುದು ಹೇಗೆ? ಬಣ್ಣ ನಂಬಬೇಡಿ, ಗಾಯ ನೋಡಿ

ಆಷಾಢದ ಗಾಳಿ ಎದ್ದು ಕನ್ನಂಬಾಡಿ ಹಿನ್ನೀರಿನಲ್ಲಿ ಅಲೆ ಶುರುವಾದರೆ ಸಾಕು, ನನಗೆ ಫೋನ್ ಬರುತ್ತವೆ. ಮಾಡುವವರು ಹೆಚ್ಚಾಗಿ ಐವತ್ತು ದಾಟಿದವರು. ಮೈಸೂರಿನಲ್ಲಿ ಓದುವಾಗ ಎನ್‌ಸಿಸಿ ನೌಕಾ ವಿಭಾಗದಲ್ಲಿ ಹಾಯಿದೋಣಿ ನಡೆಸಿದವರು, ಇಲ್ಲವೇ ಒಂದು ಕಾಲದಲ್ಲಿ ಸ್ವಂತ ದೋಣಿ ಇಟ್ಟುಕೊಂಡು ಆಮೇಲೆ ಮಾರಿಕೊಂಡವರು. ಎಲ್ಲರದ್ದೂ ಒಂದೇ ಪ್ರಶ್ನೆ: "ಆ ದೋಣಿ ಈಗ ಎಲ್ಲಿರಬಹುದು?"

ಹುಡುಕಿದರೆ ಸಿಗುತ್ತದೆ. ಆದರೆ ಅವಸರಪಟ್ಟು ಎಡವಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಗೆಳೆಯರೊಬ್ಬರು ಮೊಬೈಲಿಗೆ ಬಂದ ಫೋಟೊದಲ್ಲಿ ನೀಲಿ ಹಾಯಿ ನೋಡಿ, ಇದು ನನ್ನದೇ ಎಂದು ಮುಂಗಡ ಕೊಟ್ಟು, ರಾತ್ರೋರಾತ್ರಿ ಟೆಂಪೊ ಮಾಡಿಕೊಂಡು ಹೋಗಿ ತಂದರು. ಮನೆ ಮುಂದೆ ಇಳಿಸಿ ಟೇಪ್ ಹಿಡಿದರೆ ಉದ್ದ 4.27 ಮೀಟರ್. ಅವರು ನಡೆಸಿದ್ದು ಎಂಟರ್‌ಪ್ರೈಸ್ ಎಂಬ ಮಾದರಿ, ಅದರ ಉದ್ದ 4.04 ಮೀಟರ್. ಬಂದದ್ದು ಜಿಪಿ-14 ಎಂಬ ಇನ್ನೊಂದು ಮಾದರಿ. ಯಾರೋ ಅದಕ್ಕೆ ಎಂಟರ್‌ಪ್ರೈಸ್‌ನ ಹಾಯಿ ಕಟ್ಟಿದ್ದರು. ಗೆಳೆಯರ ಮುಖ ನೋಡಲಾಗಲಿಲ್ಲ. ಆ ದಿನವೇ ಇದನ್ನು ಬರೆಯಬೇಕು ಅನ್ನಿಸಿತು.

ಹಾಯಿ ಬೇರೆಯವರ ಕೈಗೆ ಹೋಗುತ್ತದೆ. ಮಾಸ್ಟ್ (ಹಾಯಿ ಕಟ್ಟುವ ಕಂಬ) ಬದಲಾಗುತ್ತದೆ, ಹೆಸರು ಅಳಿಸಿಹೋಗುತ್ತದೆ, ಬಣ್ಣ ಎರಡು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ದೋಣಿ ಎಂದರೆ ಅದರ ಒಡಲು. ಹುಡುಕಬೇಕಾದ್ದು ಅದನ್ನೇ.

1. ಮೊದಲು ಬರೆದುಕೊಳ್ಳಿ

ಮೊಬೈಲ್ ಮುಟ್ಟುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂರಿ. ನೆನಪಿರುವುದನ್ನೆಲ್ಲ ಬರೆಯಿರಿ. ಬೇರೆ ದೋಣಿಗಳ ಫೋಟೊ ನೋಡಿದ ಮೇಲೆ ಬರೆದ ನೆನಪಿಗೆ ಬೆಲೆ ಇಲ್ಲ. ನೋಡಿದ್ದೂ ನೆನಪೂ ಕಲಸಿಹೋಗುತ್ತವೆ.

ಮೊದಲು ದೋಣಿಯ ಕ್ಲಾಸ್, ಅಂದರೆ ಮಾದರಿ, ಯಾವುದು ಎಂದು ಖಚಿತ ಮಾಡಿಕೊಳ್ಳಿ. ನೀಲಿ ಹಾಯಿ, ಅದರ ಮೇಲೆ ಇಂಗ್ಲಿಷಿನ 'ಇ' ಅಕ್ಷರ ಇದ್ದರೆ ಎಂಟರ್‌ಪ್ರೈಸ್. 1956ರಲ್ಲಿ ಬ್ರಿಟನ್ನಿನ ದೋಣಿ ವಿನ್ಯಾಸಕ ಜ್ಯಾಕ್ ಹೋಲ್ಟ್ ವಿನ್ಯಾಸ ಮಾಡಿದ್ದು. ಹಾಯಿಯ ಮೇಲೆ ಗಂಟೆಯ ಚಿತ್ರ ಇದ್ದರೆ ಜಿಪಿ-14. ಅದೂ ಹೋಲ್ಟ್ ಅವರದ್ದೇ ವಿನ್ಯಾಸ, ಹಾಗಾಗಿಯೇ ಜನ ಎರಡನ್ನೂ ಅದಲುಬದಲು ಮಾಡಿಕೊಳ್ಳುತ್ತಾರೆ. ಮೂತಿ ಚೂಪಾಗಿಲ್ಲದೆ ಡಬ್ಬಿಯ ಹಾಗೆ ಚಪ್ಪಟೆಯಾಗಿ, ಉದ್ದ 2.3 ಮೀಟರ್ ಮಾತ್ರ ಇದ್ದರೆ ಮಕ್ಕಳು ಕಲಿಯುವ ಆಪ್ಟಿಮಿಸ್ಟ್. ಒಬ್ಬರೇ ನಡೆಸುವ, ಒಂದೇ ಹಾಯಿಯ, ಸುಮಾರು 4.2 ಮೀಟರಿನ ಫೈಬರ್ ದೋಣಿ ಲೇಸರ್. ಹುಟ್ಟು ಹಾಕಿಯೂ ನಡೆಸುತ್ತಿದ್ದ 27 ಅಡಿಯ ದೊಡ್ಡದು ವೇಲರ್. ಎನ್‌ಸಿಸಿಯಲ್ಲಿ ಕಲಿತವರಿಗೆ ಅದರ ತೂಕ ಮರೆಯುವುದಿಲ್ಲ.

ಆಮೇಲೆ ಗಾಯಗಳ ಪಟ್ಟಿ ಮಾಡಿ. ಎಲ್ಲಿ ಬಂಡೆಗೆ ತಾಗಿತ್ತು, ಯಾರು ರಿಪೇರಿ ಮಾಡಿದರು, ಯಾವ ಸ್ಕ್ರೂ ಹಾಕಿದರು, ಯಾವ ಮರ ಕೂಡಿಸಿದರು. ನೀವೇ ತಪ್ಪಾಗಿ ಕೊರೆದು ಮುಚ್ಚಿದ ತೂತು ಇದ್ದರೆ ಅದನ್ನೂ ಬರೆಯಿರಿ. ಎಡವೋ ಬಲವೋ ಎಂಬುದು ಬಿಟ್ಟುಹೋಗಬಾರದು.

2. ಫೋಟೊ

ಆಲ್ಬಮ್ ತೆಗೆಯಿರಿ, ಜೊತೆಯವರ ಮನೆಯ ಆಲ್ಬಮ್‌ಗಳನ್ನೂ ಕೇಳಿ. ಹಾಯಿಯ ನಂಬರ್ ಎರಡೂ ಮಗ್ಗುಲಲ್ಲಿರುತ್ತದೆ, ಬಲಗಡೆಯದ್ದು ಮೇಲೆ, ಎಡಗಡೆಯದ್ದು ಕೆಳಗೆ. ತೆಳು ಹಾಯಿಯಲ್ಲಿ ಹಿಂದಿನ ನಂಬರ್ ಕೂಡ ತಿರುವುಮುರುವಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಸ್ಟುಡಿಯೊದವರು ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ ಫೋಟೊಗಳೂ ಇವೆ. ಅಂಗಿಯ ಗುಂಡಿ ಯಾವ ಕಡೆ ಇದೆ ನೋಡಿದರೆ ಗೊತ್ತಾಗುತ್ತದೆ.

3. ಕಾಗದಪತ್ರ

ಇಲ್ಲಿ ಹಲವರು ಹೋಗುವುದು ಸಾರಿಗೆ ಕಚೇರಿಗೋ ಬಂದರು ಇಲಾಖೆಗೋ. ಸುಮ್ನೆ ಅಲೆಯಬೇಡಿ. ಹಾಯಿದೋಣಿಗೆ ಸ್ಕೂಟರಿನ ಹಾಗೆ ಆರ್‌ಸಿ ಪುಸ್ತಕ ಇರಲಿಲ್ಲ. ಒಳನಾಡು ಹಡಗುಗಳ 1917ರ ಕಾಯ್ದೆ ನೋಡುತ್ತಿದ್ದುದು ಯಂತ್ರದಿಂದ ಓಡುವ ಹಡಗುಗಳನ್ನು ಮಾತ್ರ. 2021ರ ಹೊಸ ಕಾಯ್ದೆಯಲ್ಲಿ ಯಂತ್ರವಿಲ್ಲದ ದೋಣಿಗಳ ಮಾತೂ ಬಂದಿದೆ. ಆದರೆ ನಿಮ್ಮ 1980ರ ದೋಣಿಯ ಹಳೆ ಕಥೆ ಅದರಲ್ಲಿ ಸಿಗುವುದಿಲ್ಲ.

ದೋಣಿ ಎನ್‌ಸಿಸಿಯದ್ದೋ ಸರ್ಕಾರಿ ಸಂಸ್ಥೆಯದ್ದೋ ಆಗಿದ್ದರೆ ದಾರಿ ಸಲೀಸು. ಸ್ಟಾಕ್ ರಿಜಿಸ್ಟರಿನಲ್ಲಿ ಹತ್ತಿದ್ದು ಸ್ಟಾಕ್ ರಿಜಿಸ್ಟರಿನಲ್ಲೇ ಇಳಿಯಬೇಕು. ಹಳೆಯದಾದರೆ ಕಂಡಮ್ ಮಾಡುತ್ತಾರೆ (ಬಳಕೆಗೆ ಬಾರದ್ದೆಂದು ತೆಗೆದುಹಾಕುತ್ತಾರೆ), ಹರಾಜು ಹಾಕುತ್ತಾರೆ. ಆ ಪುಟ ಬೇಕೆಂದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿ. ಎನ್‌ಸಿಸಿ ರಕ್ಷಣಾ ಸಚಿವಾಲಯದ ಕೆಳಗೆ ಬರುವುದರಿಂದ ಅರ್ಜಿ ಕೇಂದ್ರದ ನಿಯಮದಂತೆ ಹೋಗಬೇಕು. ರಾಜ್ಯದ ಇಲಾಖೆಗೆ ಬರೆಯುವುದಾದರೆ ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದೊಳಗೆ.

"ನನ್ನ ದೋಣಿ ಎಲ್ಲಿದೆ?" ಎಂದು ಕೇಳಬೇಡಿ. ಅದಕ್ಕೆ ಉತ್ತರ ಕೊಡುವ ಬಾಧ್ಯತೆ ಅವರಿಗಿಲ್ಲ. ಇರುವ ದಾಖಲೆಯ ನಕಲು ಕೇಳಿ: "ಇಂಥ ವರ್ಷದಿಂದ ಇಂಥ ವರ್ಷದವರೆಗೆ ಹಾಯಿದೋಣಿಗಳನ್ನು ಸ್ಟಾಕಿನಿಂದ ತೆಗೆದ ಪುಟಗಳ ನಕಲು, ಹರಾಜು ಪಟ್ಟಿಯ ನಕಲು." ಉತ್ತರಕ್ಕೆ 30 ದಿನ ಕಾಲಾವಕಾಶ. ಕೊಂಡವರ ಹೆಸರನ್ನು ಖಾಸಗಿ ಮಾಹಿತಿ ಎಂದು ಮುಚ್ಚಿ ಕೊಡಬಹುದು. ಬೇಸರ ಬೇಡ, ತಾರೀಖು ಮತ್ತು ದೋಣಿಯ ನಂಬರ್ ಸಿಕ್ಕರೆ ಅರ್ಧ ಗೆದ್ದ ಹಾಗೆ.

ಖಾಸಗಿ ದೋಣಿಯಾದರೆ ಕ್ಲಬ್ಬಿನ ರೇಸ್ ಪುಸ್ತಕ ಕೇಳಿ. ಯಾವ ನಂಬರ್ ಯಾವ ವರ್ಷದವರೆಗೆ ಓಡಿದೆ ಎಂಬುದು ಅದರಲ್ಲಿರುತ್ತದೆ. ದೋಣಿ ಊರು ಬಿಟ್ಟಿದ್ದರೆ ಆಯಾ ಕ್ಲಾಸಿನ ಸಂಘಕ್ಕೆ ಬರೆಯಿರಿ. ಬರೀ ನಂಬರ್ ಕೊಟ್ಟರೂ ದೋಣಿ ಯಾವ ಕಾಲದ್ದು ಎಂದು ಹೇಳಬಲ್ಲರು.

4. ಬಾಯಿಮಾತು, ಮತ್ತು ಒಂದು ಎಚ್ಚರಿಕೆ

ನನ್ನ ಅನುಭವದಲ್ಲಿ ದೋಣಿ ಎಲ್ಲಿದೆ ಎಂದು ಗೊತ್ತಿರುವುದು ಮೂರು ಜನಕ್ಕೆ. ದೋಣಿಮನೆ ಕಾಯುತ್ತಿದ್ದವರು, ರಿಪೇರಿ ಮಾಡಿದ ಬಡಗಿ, ತೆಪ್ಪದಲ್ಲಿ ಮೀನು ಹಿಡಿಯುವವರು. ಮೇ ತಿಂಗಳಲ್ಲಿ ನೀರು ಕೆಳಗೆ ಹೋದಾಗ ಮೀನಾಕ್ಷಿಪುರ, ಸಾಗರಕಟ್ಟೆ ಕಡೆ ದಡದಲ್ಲಿ ನಡೆದು ಮಾತಾಡಿಸಿ. ಟೀ ಕುಡಿಯುತ್ತಾ ಕೂತು ಕೇಳಿ. ಕಾರಿನ ಕಿಟಕಿ ಇಳಿಸಿ ಕೇಳಿದರೆ ಯಾರೂ ಹೇಳುವುದಿಲ್ಲ.

ಫೇಸ್‌ಬುಕ್‌ನಲ್ಲಿ ಹಾಕುವುದು ಸುಲಭದ ದಾರಿ. ಹಾಕಿ, ತಪ್ಪಲ್ಲ. ಆದರೆ ಪೂರ್ತಿ ನಂಬರನ್ನೂ ಎಲ್ಲ ಗಾಯಗಳನ್ನೂ ಬರೆಯಲೇಬೇಡಿ. ಬರೆದರೆ ಅದೇ ನಂಬರ್ ಅಂಟಿಸಿದ ಯಾವುದೋ ಹಾಯಿಯ ಫೋಟೊ ಎರಡೇ ದಿನದಲ್ಲಿ ನಿಮಗೆ ಬರುತ್ತದೆ, ಜೊತೆಗೆ ಅಡ್ವಾನ್ಸ್ ಕಳಿಸಿ ಎಂಬ ಮೆಸೇಜು. ಒಂದು ಗಾಯವನ್ನಾದರೂ ಗುಟ್ಟಾಗಿಟ್ಟುಕೊಳ್ಳಿ. ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ.

5. ದೋಣಿ ಸಿಕ್ಕಿತು. ನಿಮ್ಮದೇನಾ?

ಎಲ್ಲರೂ ತಪ್ಪುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ. ಹೋಗುವಾಗ ಟೇಪು, ಟಾರ್ಚು, ಪೆನ್ಸಿಲ್, ತೆಳು ಬಿಳಿ ಕಾಗದ, ಹಳೆ ಬಟ್ಟೆ, 400 ನಂಬರ್ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳುಕಾಗದ) ತೆಗೆದುಕೊಂಡು ಹೋಗಿ.

ಮೊದಲು ಉದ್ದ ಅಳೆಯಿರಿ. ಮೂತಿಯಿಂದ ಹಿಂಬದಿಯ ಹಲಗೆವರೆಗೆ, ರಡ್ಡರ್ (ದಿಕ್ಕು ತಿರುಗಿಸುವ ಹಿಂದಿನ ಹಲಗೆ) ಸೇರಿಸದೆ, ನೇರ. ಒಡಲಿನ ಉಬ್ಬಿನ ಮೇಲೆ ಟೇಪು ಹಾಯಿಸಿದರೆ ಅಳತೆ ಹೆಚ್ಚು ಬರುತ್ತದೆ. ಅಳತೆ ಕೂಡಲಿಲ್ಲ ಎಂದರೆ ಕೈಮುಗಿದು ವಾಪಸು ಬನ್ನಿ.

ಆಮೇಲೆ ಒಡಲಿನ ನಂಬರ್. ಲೇಸರ್ ಆದರೆ ಮುಂದಿನ ಡೆಕ್ಕಿನಲ್ಲಿ ಹಗ್ಗ ಕಟ್ಟುವ ಲೋಹದ ಕೊಂಡಿಯ ಕೆಳಗೆ ಅಚ್ಚೊತ್ತಿರುತ್ತದೆ, ಇಲ್ಲವೇ ಹಿಂಬದಿಯ ಹಲಗೆಯ ಮೇಲೆ. ಆಪ್ಟಿಮಿಸ್ಟ್ ಆದರೆ ನಡುವಿನ ಅಡ್ಡಹಲಗೆಯ ಹಿಂಬದಿಗೆ ಒಂದು ಸಣ್ಣ ಫಲಕ ಹೊಡೆದಿರುತ್ತಾರೆ. ಹಳೆಯ ಮರದ ದೋಣಿಯಾದರೆ ಸೆಂಟರ್‌ಬೋರ್ಡ್ (ನಡುವೆ ನೀರಿಗಿಳಿಸುವ ಹಲಗೆ) ಪೆಟ್ಟಿಗೆಯ ಮರ, ತಳದ ನಡುಪಟ್ಟಿ, ಹಿಂಬದಿ ಹಲಗೆಯ ಒಳಮೈ ಇಷ್ಟೂ ನೋಡಿ. ಅಮೆರಿಕದಲ್ಲಿ 1972ರ ನವೆಂಬರ್ ನಂತರ ಕಟ್ಟಿದ ದೋಣಿಗೆ ಹಿಂಬದಿಯ ಬಲ ಮೂಲೆಯಲ್ಲಿ 12 ಅಕ್ಷರ-ಅಂಕಿಗಳ ಗುರುತು ಇರುತ್ತದೆ. ಮೊದಲ ಮೂರು ಅಕ್ಷರ ಕಟ್ಟಿದವರದ್ದು, ಕೊನೆಯವು ತಿಂಗಳು ಮತ್ತು ವರ್ಷದ್ದು.

ನಂಬರ್ ಕಾಣದಿದ್ದರೆ ಕೆರೆಯಲು ಹೋಗಬೇಡಿ. ಸಂಜೆ ಬೆಳಕು ಇಳಿದ ಮೇಲೆ ಟಾರ್ಚನ್ನು ಹಲಗೆಯ ಪಕ್ಕಕ್ಕೆ ಅಡ್ಡವಾಗಿ ಹಿಡಿಯಿರಿ. ನೇರವಾಗಿ ಬಿಟ್ಟರೆ ಏನೂ ಕಾಣದು. ಅಡ್ಡ ಬೆಳಕಿನಲ್ಲಿ ನಾಲ್ಕು ಪದರ ಬಣ್ಣದ ಕೆಳಗೆ ಕೊರೆದ ಅಂಕಿಯೂ ನೆರಳು ಬಿಟ್ಟು ಏಳುತ್ತದೆ. ಆಮೇಲೆ ಆ ಜಾಗದ ಮೇಲೆ ಕಾಗದ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದೆವಲ್ಲ, ಹಾಗೆ. ಶಾಸನ ಓದುವವರು ಕಲ್ಲಿನ ಮೇಲೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವುದೂ ಇದೇ ಲೆಕ್ಕದಲ್ಲಿ. ಆ ಕಾಗದ ಬಿಸಾಡಬೇಡಿ, ಅದು ನಿಮ್ಮ ಸಾಕ್ಷಿ.

ಆಗಲೂ ಓದಲಾಗದಿದ್ದರೆ ಮಾತ್ರ, ಮಾಲೀಕರನ್ನು ಕೇಳಿ, ಬೆಂಕಿಪೊಟ್ಟಣದಷ್ಟು ಜಾಗವನ್ನು ವಾಟರ್ ಪೇಪರಿನಲ್ಲಿ ನೀರು ಹಾಕಿ ಮೆಲ್ಲಗೆ ಉಜ್ಜಿ. ಈರುಳ್ಳಿ ಸಿಪ್ಪೆಯಂತೆ ಒಂದೊಂದೇ ಬಣ್ಣ ಬಿಡುತ್ತಾ ಬರುತ್ತದೆ. ನಿಮ್ಮ ಕಾಲದ ಬಣ್ಣ ಕೆಳಗಿನ ಪದರದಲ್ಲಿ ಇರಬೇಕು. ಪೇಂಟ್ ರಿಮೂವರ್ ಮಾತ್ರ ಹತ್ತಿರ ತರಬೇಡಿ. ಅಂಗಡಿಯವರು ಇದು ಎಲ್ಲಕ್ಕೂ ಆಗುತ್ತೆ ಎಂದು ಕೊಡುತ್ತಾರೆ. ಫೈಬರ್ ದೋಣಿಯ ಹೊರಪದರವಾದ ಜೆಲ್‌ಕೋಟನ್ನೇ ಅದು ತಿಂದುಹಾಕುತ್ತದೆ, ಅದರ ಜೊತೆ ನಂಬರೂ ಹೋಗುತ್ತದೆ. ಗ್ರೈಂಡರ್ ಹಿಡಿದು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಕೊನೆಗೆ ಗಾಯ. ನಂಬರ್ ಕೂಡಿದರೂ ಇದನ್ನು ಬಿಡಬೇಡಿ, ಫಲಕ ಕಿತ್ತು ಬೇರೆ ದೋಣಿಗೆ ಹೊಡೆಯುವುದು ಐದು ನಿಮಿಷದ ಕೆಲಸ.

ನನ್ನ ಎಂಟರ್‌ಪ್ರೈಸ್ ಸಿಕ್ಕಿದ್ದು ಹೀಗೆಯೇ. ಹಿನ್ನೀರಿನ ಪಕ್ಕದ ಒಂದು ಹಳ್ಳಿಯಲ್ಲಿ ಹಿತ್ತಿಲಿನ ಹುಣಸೆಮರದ ಕೆಳಗೆ ಎರಡು ಹಸು ಅದರಲ್ಲಿ ನೀರು ಕುಡಿಯುತ್ತಿದ್ದವು. ಒಳಗೂ ಹೊರಗೂ ತಾರು ಬಳಿದಿದ್ದರು. "ನಮ್ಮಪ್ಪ ತಂದಾಕಿದ್ದು ಸಾ, ಒಂದ್ ತೊಟ್ಟೂ ಸೋರಕಿಲ್ಲ" ಎಂದರು ಮನೆಯ ಯಜಮಾನರು. ಹಾಯಿ, ಮಾಸ್ಟ್, ರಡ್ಡರ್ ಏನೂ ಇರಲಿಲ್ಲ. ಉದ್ದ 4.04 ಕೂಡಿತು. ನಂಬರ್ ಇರಬೇಕಾದ ಮರವೇ ಕಿತ್ತುಹೋಗಿತ್ತು.

ಆದರೆ ನನಗೆ ಗೊತ್ತಿದ್ದದ್ದು ಬೇರೆ. ಕಾಲೇಜಿನ ಕೊನೆಯ ವರ್ಷ ಅದರ ಮೂತಿ ಬಂಡೆಗೆ ಹೊಡೆದು ಡೆಕ್ಕಿನ ಎಡಗಡೆ ಸೀಳಿತ್ತು. ಮಂಡಿ ಮೊಹಲ್ಲಾದ ಬಡಗಿಯೊಬ್ಬರು ಬೇರೆ ಮರ ಕೈಯಲ್ಲಿಲ್ಲ ಎಂದು ಬೀಟೆಯ ಚೂರೊಂದನ್ನು ವೀಳ್ಯದೆಲೆಯ ಆಕಾರಕ್ಕೆ ಕತ್ತರಿಸಿ ಕೂರಿಸಿದ್ದರು. ಕುಸುರಿ ಕೆಲಸ ಮಾಡಿದ ಕೈ ಅದು, ಸಂದಿನಲ್ಲಿ ಉಗುರು ಕೂಡ ಹೋಗುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಆ ಜಾಗದ ತಾರು ಒರೆಸಿದೆ. ಮೊದಲು ಕಪ್ಪು, ಆಮೇಲೆ ಕಂದು, ಆಮೇಲೆ ಎಲೆಯ ತುದಿ. ತೊಟ್ಟಿನ ಹತ್ತಿರ ಅವರು ಬಿಟ್ಟಿದ್ದ ಸಣ್ಣ ಹಿತ್ತಾಳೆ ಮೊಳೆಯೂ ಹಾಗೇ ಇತ್ತು. ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟೆ.

6. ಸಿಕ್ಕ ಮೇಲೆ

ನಿಮ್ಮದೆಂದು ಗೊತ್ತಾದರೂ ಅದು ಈಗ ಅವರದ್ದು. ಮೊದಲ ದಿನವೇ ರೇಟು ಕೇಳಬೇಡಿ. ಫೋಟೊ ತೆಗೆದುಕೊಂಡು, ಕಥೆ ಹೇಳಿ ಬನ್ನಿ. ಇನ್ನೂ ಹಾಯಿ ಕಟ್ಟಿ ನಡೆಸುತ್ತಿರುವವರಾದರೆ ಕೊಳ್ಳುವ ಯೋಚನೆಯನ್ನೇ ಬಿಡಿ, ಒಂದು ದಿನ ಜೊತೆಗೆ ಕರೆದುಕೊಂಡು ಹೋಗಿ ಎಂದು ಕೇಳಿ. ಬೇರೆ ಕೆಲಸಕ್ಕೆ ಬಳಸುತ್ತಿದ್ದರೆ ಆ ಕೆಲಸಕ್ಕೆ ಬದಲಿ ಕೊಡಿ. ನಾನು ಎರಡು ಸಿಮೆಂಟ್ ತೊಟ್ಟಿ ತಂದು ಇಳಿಸಿ, ಅವನ್ನು ಕೂರಿಸುವ ಕೆಲಸಕ್ಕೂ ಜನ ಕರೆದುಕೊಂಡು ಹೋಗಿದ್ದೆ. ಕೊಟ್ಟದ್ದಕ್ಕೆ ಒಂದು ಚೀಟಿ ಬರೆಸಿ ಇಬ್ಬರೂ ಸಹಿ ಹಾಕಿ.

ಎಂಟರ್‌ಪ್ರೈಸ್ ಒಡಲು ಸುಮಾರು 90 ಕಿಲೊ, ನಾಲ್ಕು ಜನ ಸಾಕು. ನೀರು ಕುಡಿದಿದ್ದರೆ ಆರು ಜನ ಬೇಕು. ಸಣ್ಣ ಗೂಡ್ಸ್ ಗಾಡಿಯಲ್ಲಿ ಎರಡು ಹಳೆ ಟೈರ್ ಹಾಕಿ, ದೋಣಿಯನ್ನು ಬೋರಲು ಮಲಗಿಸಿ, ಅಗಲದ ಪಟ್ಟಿಯಲ್ಲಿ ಕಟ್ಟಿ. ತೆಳು ನೈಲಾನ್ ಹಗ್ಗ ಅಂಚನ್ನು ಕೊರೆಯುತ್ತದೆ. ತಂದ ತಕ್ಷಣ ಜಲಾಶಯಕ್ಕೆ ಇಳಿಸುವ ಆಸೆ ಬೇಡ, ಅಲ್ಲಿ ಅನುಮತಿ ಬೇಕು. ವರ್ಷಗಟ್ಟಲೆ ಒದ್ದೆಯಾಗಿದ್ದ ಮರ ಬಿಸಿಲಿಗೆ ಬಿದ್ದರೆ ಒಂದೇ ವಾರದಲ್ಲಿ ಬಿರುಕು ಬಿಡುತ್ತದೆ. ನೆರಳಿನಲ್ಲಿಟ್ಟು, ನೆನೆಸಿದ ಗೋಣಿಚೀಲ ಹೊದಿಸಿ. ಮೊದಲ ಹದಿನೈದು ದಿನ ಬೆಳಿಗ್ಗೆ ಸಂಜೆ ಚೀಲ ನೆನೆಸಿ, ಆಮೇಲೆ ದಿನಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ. ಒಣಗಲು ಎರಡು ಮೂರು ತಿಂಗಳು ಹಿಡಿಯಲಿ ಬಿಡಿ. ಅಷ್ಟರಲ್ಲಿ ಹಾಯಿ ಹೊಲಿಯುವವರನ್ನು ಹುಡುಕಿಕೊಳ್ಳಬಹುದು.