ದೊಡ್ಡಮ್ಮನ ಜೀವನ ಚರಿತ್ರೆ ಬರೆದದ್ದು

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವ ಮೊದಲು ನಡೆಯುವ ಆರಾಧನೆಯಲ್ಲಿ ಒಂದು ಪುಟದ ಜೀವನ ಚರಿತ್ರೆ ಓದುತ್ತಾರೆ. ಹುಟ್ಟಿದ್ದು ಇಂಥ ದಿನ, ದೀಕ್ಷಾಸ್ನಾನ ಇಂಥ ದಿನ, ಮದುವೆ, ಮಕ್ಕಳು, ಮೊಮ್ಮಕ್ಕಳು. ಆಮೇಲೆ ‘ಸರಳ ಸಜ್ಜನಿಕೆಯ, ದೈವಭಕ್ತಿಯುಳ್ಳ’ ಅಂತ ಒಂದು ಸಾಲು. ಕೊನೆಗೆ ‘ಕರ್ತನಲ್ಲಿ ನಿದ್ರೆ ಹೋದರು’. ಹೆಸರು, ತಾರೀಕು ಬದಲಾಯಿಸಿದರೆ ಯಾರಿಗೆ ಬೇಕಾದರೂ ಆಗುತ್ತದೆ. ಇದು ಯಾರದೂ ತಪ್ಪಲ್ಲ. ಮನೆಯಲ್ಲಿ ಹೆಣ ಇಟ್ಟುಕೊಂಡು, ದುಬೈಯಿಂದ ಮಗ ಯಾವ ವಿಮಾನಕ್ಕೆ ಬರುತ್ತಾನೆ ಅಂತ ಕಾಯುತ್ತಾ ಕೂತವರಿಗೆ ಇದಕ್ಕಿಂತ ಜಾಸ್ತಿ ಬರೆಯುವ ಪುರುಸೊತ್ತು ಎಲ್ಲಿರುತ್ತದೆ?

ದೊಡ್ಡಮ್ಮ ತೀರಿಕೊಂಡಾಗಲೂ ಅದನ್ನೇ ಓದಿದೆವು. ಅವರಿಗೆ 93 ವರ್ಷ. ನನಗೆ ಸಂಬಂಧದಲ್ಲಿ ಏನೂ ಆಗಬೇಕಿಲ್ಲ, ಇಡೀ ಪೇಟೆಯೇ ಅವರನ್ನು ದೊಡ್ಡಮ್ಮ ಅಂತ ಕರೆಯುತ್ತಿತ್ತು. ಮೀನು ಮಾರುವ ಹೆಂಗಸರೂ, ಎದುರು ಮನೆಯ ಭಟ್ಟರೂ. ವರ್ಷದ ಸ್ಮರಣೆಯ ಆರಾಧನೆಗೆ ಒಂದು ಸಣ್ಣ ಪುಸ್ತಕ ಮಾಡಿ ಹಂಚೋಣ ಅಂತ ಮಕ್ಕಳಿಗೆ ಆಸೆ. ಸಭೆಯ ರಿಜಿಸ್ಟರುಗಳನ್ನು ನೋಡಿಕೊಳ್ಳುವವ ನಾನು. ಹಾಗಾಗಿ ಕೆಲಸ ನನ್ನ ತಲೆಗೆ ಬಂತು. ಬೇರೆ ಸಭೆಗಳಲ್ಲೂ ಇಂಥ ಕೆಲಸ ಹೊತ್ತವರು ಇರುತ್ತಾರೆ, ಅವರಿಗೆ ಉಪಯೋಗವಾದೀತು ಅಂತ ನಾನು ಮಾಡಿದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ಮೂಲ್ಕಿಗೂ ಉಡುಪಿಗೂ ನಡುವಿನ ಸಣ್ಣ ಪೇಟೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ನಿನ ಕಾಲದ ಸಭೆ, ಈಗ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ. ನಮ್ಮ ಕಡೆ ಯಾವ ಪುಸ್ತಕ ತೆರೆದರೂ ಮೊದಲ ನಾಲ್ಕೈದು ಪುಟ ಮಿಶನರಿಗಳಿಗೇ ಹೋಗುತ್ತದೆ. 1834ರ ಅಕ್ಟೋಬರ್ 30ಕ್ಕೆ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದದ್ದು, 1843ರಲ್ಲಿ ಮೊಗ್ಲಿಂಗ್ ‘ಮಂಗಳೂರು ಸಮಾಚಾರ’ ಪತ್ರಿಕೆ ಶುರು ಮಾಡಿದ್ದು, ಕಿಟ್ಟೆಲ್ಲರ ನಿಘಂಟು 1894ರಲ್ಲಿ ಬಂದದ್ದು. ಇವೆಲ್ಲ ದೊಡ್ಡ ಕೆಲಸಗಳೇ, ಇಲ್ಲ ಅನ್ನುವುದಿಲ್ಲ. ಆದರೆ ಅವರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇಡೀ ಮಿಶನ್ನಿಗೆ ಒಂದೇ ಪ್ಯಾರಾ ಕೊಟ್ಟೆ. ಅದೂ ದೊಡ್ಡಮ್ಮನ ತಂದೆ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಇದ್ದರು ಅನ್ನುವ ಕಾರಣಕ್ಕೆ. ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಶುರು ಮಾಡಿದ ಹಂಚಿನ ಕೆಲಸ ಅದು. ಮೊದಲ ಮಹಾಯುದ್ಧದ ಗಲಾಟೆಯಲ್ಲಿ ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋಯಿತು. ದೊಡ್ಡಮ್ಮ ಹುಟ್ಟುವಾಗ ಅದು ಮಿಶನ್ನಿನದ್ದೇ ಅಲ್ಲ. ಆದರೂ ಕೊನೆವರೆಗೆ ಅವರು ‘ಅಪ್ಪ ಮಿಶನ್ ಕಾರ್ಖಾನೆಯಲ್ಲಿ’ ಅಂತಲೇ ಹೇಳುತ್ತಿದ್ದರು.

ಮೊದಲು ಕೈ ಹಾಕಿದ್ದು ರಿಜಿಸ್ಟರಿಗೆ. ಮನೆಯವರ ಪ್ರಕಾರ ಹುಟ್ಟಿದ್ದು ಜೂನ್ 1. ನಮ್ಮ ಊರಿನ ಅರ್ಧ ಜನ ಜೂನ್ 1ಕ್ಕೇ ಹುಟ್ಟಿದವರು! ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದ ತಾರೀಕು ಅದು. ದೀಕ್ಷಾಸ್ನಾನದ ರಿಜಿಸ್ಟರಿನಲ್ಲಿ ಹುಟ್ಟಿದ ದಿನಕ್ಕೂ ಸ್ನಾನದ ದಿನಕ್ಕೂ ಬೇರೆ ಬೇರೆ ಕಾಲಂ ಇರುತ್ತದೆ. ಮಗುವಿಗೆ ಕೆಲವು ವಾರ ಆಗಿರುವಾಗಲೇ ಬರೆದದ್ದು, ಹಾಗಾಗಿ ನಂಬಬಹುದು. ಅದರಲ್ಲಿ ಹುಟ್ಟಿದ್ದು ಮಳೆಗಾಲ ಮುಗಿದ ಮೇಲೆ. ಮದುವೆ ರಿಜಿಸ್ಟರ್ ಇನ್ನೂ ಒಳ್ಳೆಯದು. 1872ರ ಕ್ರೈಸ್ತ ವಿವಾಹ ಕಾನೂನಿನ ಪ್ರಕಾರ ತುಂಬಿಸಬೇಕಾದ ಫಾರ್ಮು ಅದು. ಇಬ್ಬರ ವಯಸ್ಸು, ಕಸುಬು, ಅಪ್ಪಂದಿರ ಹೆಸರು, ಸಾಕ್ಷಿಗಳ ರುಜು ಎಲ್ಲ ಇರುತ್ತದೆ. ಮದುಮಗಳ ಕಸುಬಿನ ಜಾಗದಲ್ಲಿ ‘ಉಪಾಧ್ಯಾಯಿನಿ’ ಅಂತಿತ್ತು. ಅದೇ ಪುಟದಲ್ಲಿ ಮೇಲೆ ಕೆಳಗೆ ಇದ್ದ ಬೇರೆ ಮದುಮಗಳಂದಿರ ಆ ಜಾಗದಲ್ಲಿ ಬರೀ ಗೆರೆ ಎಳೆದಿತ್ತು. ಇದನ್ನು ನಾನು ಪುಸ್ತಕದಲ್ಲಿ ಬರೆದೆ. ಅವರ ಮೊಮ್ಮಗಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅದೇ ಸಾಲು.

ಇನ್ನು ಜನರನ್ನು ಕೇಳುವ ವಿಷಯ. ‘ದೊಡ್ಡಮ್ಮನ ಬಗ್ಗೆ ಏನಾದರೂ ಹೇಳಿ’ ಅಂದರೆ ಎಲ್ಲರೂ ಒಂದೇ ಹೇಳುತ್ತಾರೆ: ‘ಭಾರೀ ಒಳ್ಳೆಯವರು.’ ಅಲ್ಲಿಗೆ ಮುಗಿಯಿತು. ಅದರ ಬದಲು ಸಣ್ಣ ಪ್ರಶ್ನೆ ಕೇಳಬೇಕು. ನಿಮಗೆ ಅವರು ಯಾವತ್ತು ಬೈದದ್ದು? ಪ್ರಾರ್ಥನಾ ಕೂಟ ನಿಮ್ಮ ಮನೆಯಲ್ಲಿ ಇದ್ದಾಗ ತಿಂಡಿ ಏನು ಮಾಡಿದ್ದಿರಿ, ಅವರು ತಿಂದರಾ? ಚರ್ಚಿನಲ್ಲಿ ಯಾವ ಬೆಂಚಿನಲ್ಲಿ ಕೂರುತ್ತಿದ್ದರು? ಬೈದದ್ದನ್ನು ಕೇಳಿದರೆ ಸಾಕು, ಜನ ನಗುತ್ತಾ ಶುರು ಮಾಡುತ್ತಾರೆ, ಆಮೇಲೆ ನಿಲ್ಲಿಸುವುದೇ ಕಷ್ಟ. ಒಬ್ಬರು ಹೇಳಿದ್ದು: ‘ಅಕ್ಕಿಯಲ್ಲಿ ಕಲ್ಲಿತ್ತು ಅಂತ ಎಲ್ಲರ ಎದುರೇ ಕೇಳಿದ್ರು ಮಾರಾಯ್ರೆ. ನೀನು ಉಣ್ಣುವ ಅಕ್ಕಿ ಆರಿಸ್ತಿ, ದೇವರಿಗೆ ಕೊಡುವಾಗ ಹಾಗೇ ಕೊಡುದಾ ಅಂತ.’

ವಯಸ್ಸಾದವರಿಗೆ ಇಸವಿ ಕೇಳಿ ಪ್ರಯೋಜನ ಇಲ್ಲ. ಊರಿನ ನೆನಪಿಗೆ ಕಟ್ಟಿ ಕೇಳಬೇಕು. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರುವ ಮೊದಲೋ ಆಮೇಲೋ? ಅಂದರೆ 1956. ಪಣಂಬೂರಿನ ಬಂದರು ಆಗಿತ್ತಾ? 1975. ನಮ್ಮಲ್ಲಿ ರೈಲು ಓಡುತ್ತಿತ್ತಾ? 1993. ಹೀಗೆ ಹಿಂದೆ ಮುಂದೆ ಕೇಳುತ್ತಾ ಹೋದರೆ ಹೆಚ್ಚಿನದಕ್ಕೆ ಒಂದೆರಡು ವರ್ಷದ ಅಂತರದಲ್ಲಿ ಇಸವಿ ಸಿಕ್ಕಿತು. ಮಾತು ತುಳುವಿನಲ್ಲೇ ಆಡಿಸಿ. ನಮ್ಮ ಹಿರಿಯರು ಪ್ರಾರ್ಥನೆ ಮಾಡುವುದು ಕನ್ನಡದಲ್ಲಿ, ಜಗಳ ಮಾಡುವುದು ತುಳುವಿನಲ್ಲಿ. ಕನ್ನಡದಲ್ಲಿ ಕೇಳಿದರೆ ಎಲ್ಲರೂ ಚರ್ಚಿನಲ್ಲಿ ಪ್ರಸಂಗ ಮಾಡುವ ಹಾಗೆ ಮಾತಾಡುತ್ತಾರೆ.

ಆದರೆ ನನಗೆ ನಿಜವಾಗಿ ದೊಡ್ಡಮ್ಮ ಸಿಕ್ಕಿದ್ದು ನಮ್ಮ ಸಭೆಯ ಸ್ತ್ರೀ ಸಂಘದ ಲೆಕ್ಕದ ಪುಸ್ತಕಗಳಲ್ಲಿ. ಕಾರ್ಯದರ್ಶಿಯಾಗಿ ಅವರು ಎಷ್ಟೋ ವರ್ಷ ಬರೆದ ಉದ್ದುದ್ದ ಪುಸ್ತಕಗಳು, ಬಟ್ಟೆಯ ಬೆನ್ನಿನವು. ವೆಸ್ಟ್ರಿಯ, ಅಂದರೆ ಚರ್ಚಿನ ಒಳಕೋಣೆಯ, ಕಪಾಟಿನ ಕೆಳಗಿನ ಅರೆಯಲ್ಲಿ, ಹಳೆಯ ಸಂಗೀತ ಪುಸ್ತಕಗಳ ಅಡಿಯಲ್ಲಿ ಇದ್ದವು. ಗೆದ್ದಲು ಹಿಡಿದಿರಲಿಲ್ಲ, ನಮ್ಮ ಪುಣ್ಯ.

ಅವುಗಳಲ್ಲಿ ಹಿಡಿ ಅಕ್ಕಿಯ ಲೆಕ್ಕ ಇತ್ತು. ಹಿಡಿ ಅಕ್ಕಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು. ತಿಂಗಳಿಗೊಮ್ಮೆ ಅದನ್ನು ಚರ್ಚಿಗೆ ತರುವುದು. ಕೈಯಲ್ಲಿ ದುಡ್ಡು ಇಲ್ಲದ ಹೆಂಗಸರೂ ತಾವೇ ಕೊಟ್ಟೆವು ಅನ್ನಬಹುದಾದ ಕಾಣಿಕೆ ಅದು. ದೊಡ್ಡಮ್ಮ ಅದನ್ನು ಮನೆ ಮನೆಯ ಹೆಸರಿನಲ್ಲಿ ಬರೆದಿದ್ದಾರೆ. ಸೇರು, ಪಾವು. ಕುಚ್ಚಲಕ್ಕಿ ಬೇರೆ, ಬೆಳ್ತಿಗೆ ಬೇರೆ. ಮಾರಿ ಬಂದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಎದುರು ಪುಟದಲ್ಲಿ: ‘ಒಬ್ಬ ಹುಡುಗನ ಎಸೆಸ್ಸೆಲ್ಸಿ ಫೀಸು’, ‘ಉಡುಪಿ ಆಸ್ಪತ್ರೆಗೆ ಕರೆದುಕೊಂಡು ಹೋದ ಬಾಡಿಗೆ’, ‘ದೀಪದ ಎಣ್ಣೆ’. ಉಡುಪಿ ಆಸ್ಪತ್ರೆ ಅಂದರೆ 1923ರಲ್ಲಿ ಡಾಕ್ಟರ್ ಇವಾ ಲೊಂಬಾರ್ಡ್ ಕಟ್ಟಿದ ಮಿಶನ್ ಆಸ್ಪತ್ರೆ. ನಮ್ಮ ಕಡೆಯವರು ಹೆರಿಗೆಗೆ ಹೋಗುತ್ತಿದ್ದದ್ದು ಅಲ್ಲಿಗೇ. ಫೀಸು ಕಟ್ಟಿದ ಹುಡುಗನ ಹೆಸರನ್ನು ದೊಡ್ಡಮ್ಮ ಎಲ್ಲಿಯೂ ಬರೆದಿಲ್ಲ. ಕೊಟ್ಟವರ ಹೆಸರು ಇದೆ, ತೆಗೆದುಕೊಂಡವರದು ಇಲ್ಲ. ಇದು ಮರೆವಲ್ಲ. ಪಾವು ಅಕ್ಕಿ ಬಿಡದೆ ಬರೆದವರು ಹೆಸರು ಮರೆಯುತ್ತಾರಾ?

ಬೆಳೆ ಹಬ್ಬದ ಏಲಂ ಪುಟಗಳು ಓದಲು ಭಾರೀ ಮಜಾ. ಬಸಳೆ ಕಟ್ಟು, ಹಲಸಿನಕಾಯಿ, ಊರ ಕೋಳಿ, ಸೌತೆಕಾಯಿ, ಒಂದು ವರ್ಷ ಯಾರೋ ಕೊಟ್ಟ ಕರು. ಒಂದೇ ಅನಾನಸನ್ನು ಮೂರು ಸಲ ಏಲಂ ಹಾಕಿದ್ದಾರೆ. ಕೂಗಿದವರು ದುಡ್ಡು ಕೊಟ್ಟು ಮತ್ತೆ ದೇವರಿಗೇ ಬಿಟ್ಟದ್ದು.

ಈ ಪುಸ್ತಕಗಳಲ್ಲೇ ಒಂದು ಸಾಲು ನನ್ನ ಕಣ್ಣಿಗೆ ಬಿತ್ತು. ‘ಸಭೆಯಿಂದ ಬರಬೇಕಾದದ್ದು, ರೂ. 400.’ ವರ್ಷದ ಲೆಕ್ಕ ಮುಗಿಯುವ ಕಡೆ ಇದೆ. ಮುಂದಿನ ವರ್ಷವೂ ಇದೆ. ಅದರ ಮುಂದಿನ ವರ್ಷವೂ. ಒಂದು ಮಳೆಗಾಲದ ಮೊದಲು ಚರ್ಚಿನ ಮಾಡಿಗೆ ಹಂಚು, ರೀಪು ಹಾಕಿಸಲು ಕಮಿಟಿಯವರು ಸ್ತ್ರೀ ಸಂಘದಿಂದ ಸಾಲ ತೆಗೆದುಕೊಂಡಿದ್ದರು. ಕೊಡಲಿಲ್ಲ. ಹೆಂಗಸರ ದುಡ್ಡು, ಚರ್ಚಿನ ಕೆಲಸಕ್ಕೇ ಹೋಯಿತಲ್ಲ, ಇನ್ನೇನು ಅಂತ. ದೊಡ್ಡಮ್ಮ ಬಿಡಲಿಲ್ಲ. ಪ್ರತಿ ವರ್ಷದ ಮಹಾಸಭೆಯಲ್ಲಿ ಎದ್ದು ನಿಂತು ಆ ಸಾಲು ಓದುತ್ತಿದ್ದರಂತೆ, ಓದಿ ಕೂರುತ್ತಿದ್ದರಂತೆ. ಜಗಳ ಇಲ್ಲ, ಏನಿಲ್ಲ. ಆಗ ಕಮಿಟಿಯಲ್ಲಿದ್ದ ಒಬ್ಬ ಹಿರಿಯರೇ ನನಗೆ ಇದನ್ನು ಹೇಳಿದ್ದು: ‘ಅವರು ಏಳುವುದು ಕಂಡರೆ ನಾವೆಲ್ಲ ನೆಲ ನೋಡುದು.’ ಕೊನೆಗೆ ಒಂದು ವರ್ಷದ ಪುಟದಲ್ಲಿ ಆ ಸಾಲಿನ ಎದುರು ಕೆಂಪು ಶಾಯಿಯಲ್ಲಿ ‘ಬಂತು’ ಅಂತಿದೆ, ಕೆಳಗೆ ಎರಡು ಗೆರೆ.

ಈ ಸಂಗತಿ ಪುಸ್ತಕಕ್ಕೆ ಬೇಡ ಅಂತ ಮಗ ಹೇಳಿದರು. ಕಮಿಟಿಯ ಒಬ್ಬಿಬ್ಬರೂ ಹೇಳಿದರು. ಅಮ್ಮನಿಗೆ ದುಡ್ಡಿನ ಆಸೆ ಇತ್ತು ಅಂತ ಕಾಣುತ್ತದೆ ಅನ್ನುವುದು ಮಗನ ಭಯ. ನಾನು ಒಪ್ಪಲಿಲ್ಲ. ಆ ದುಡ್ಡಿನಲ್ಲಿ ಅವರ ಸ್ವಂತದ್ದು ಒಂದು ಪೈಸೆ ಇಲ್ಲ. ಅಷ್ಟೂ ಹಿಡಿ ಹಿಡಿಯಾಗಿ ಬಂದ ಅಕ್ಕಿ. ಇದನ್ನು ತೆಗೆದು ‘ದೈವಭಕ್ತೆ’ ಅಂತ ಮಾತ್ರ ಬರೆದರೆ ಆ ಭಕ್ತಿ ಎಂಥದ್ದು ಅಂತ ಓದಿದವರಿಗೆ ಹೇಗೆ ಗೊತ್ತಾಗಬೇಕು? ಎರಡೂ ಕಡೆ ಒಪ್ಪುವ ಹಾಗೆ ಒಂದು ಮಾಡಿದೆ: ಕಮಿಟಿಯವರ ಹೆಸರು, ಇಸವಿ ಬಿಟ್ಟೆ, ಲೆಕ್ಕದ ಆ ಪುಟದ ಫೋಟೋವನ್ನೇ ಹಾಕಿದೆ. ನನ್ನ ಮಾತಿಗಿಂತ ಅವರ ಕೈಬರಹಕ್ಕೆ ತೂಕ ಜಾಸ್ತಿ. ಫೋಟೋ ನೋಡಿದ ಮೇಲೆ ಮಗ ಸುಮ್ಮನಾದರು.

ಎರಡನೆಯದು ಅವರ ಬೈಬಲ್. ಮಗಳ ಹತ್ತಿರ ಇತ್ತು. ರಟ್ಟು ಕಿತ್ತುಹೋಗಿ ಎರಡು ಸಲ ಬೈಂಡ್ ಮಾಡಿಸಿದ್ದು. ಅಡಿಗೆರೆ ಎಳೆದ ವಾಕ್ಯಗಳೇ ಸಿಗುತ್ತವೆ ಅಂದುಕೊಂಡಿದ್ದೆ, ಗೆರೆ ಇದ್ದದ್ದು ಕಮ್ಮಿ. ಅದರ ಬದಲು ಕೆಲವು ಅಧ್ಯಾಯಗಳ ಅಂಚಿನಲ್ಲಿ ಪೆನ್ಸಿಲಿನಲ್ಲಿ ತಾರೀಕು, ಜತೆಗೆ ಒಂದು ಅಕ್ಷರ. ಕೀರ್ತನೆ 121ರ ಪಕ್ಕದಲ್ಲಿ ತುಂಬಾ. ಕೀರ್ತನೆ 23, ಯೋಹಾನ 14ರಲ್ಲೂ ಇದ್ದವು. ಮಗಳಿಗೆ ಏನೆಂದು ಗೊತ್ತಿರಲಿಲ್ಲ. ಒಂದು ತಾರೀಕು ಎಲ್ಲೋ ನೋಡಿದ ಹಾಗಿದೆ ಅನ್ನಿಸಿ ಮರಣದ ರಿಜಿಸ್ಟರ್ ತೆಗೆದೆ. ಸರಿಯಾಗಿ ಹೊಂದಿತು. ಮುಂದಿನದೂ ಹೊಂದಿತು. ಕೆಲವು ಮರಣದ ದಿನವೇ, ಕೆಲವು ಅದರ ಮೊದಲ ದಿನ. ಸಾಯುವವರ ಮಂಚದ ಪಕ್ಕ ಕೂತು ಅವರು ಯಾರಿಗೆ ಯಾವುದನ್ನು ಓದಿದರು ಅನ್ನುವ ಗುರುತು ಅದು. ಒಂದೇ ಮನೆಯ ಗಂಡನಿಗೆ, ಎಷ್ಟೋ ವರ್ಷ ಬಿಟ್ಟು ಹೆಂಡತಿಗೆ ಅದೇ ಕೀರ್ತನೆ ಓದಿದ್ದಾರೆ. ರಿಜಿಸ್ಟರಿನಲ್ಲಿ ಸಿಗದ ಅಕ್ಷರಗಳೂ ಕೆಲವು ಇದ್ದವು. ಪೇಟೆಯಲ್ಲಿ ವಿಚಾರಿಸಿದಾಗ ಒಂದು ಗೊತ್ತಾಯಿತು: ನಮ್ಮ ಸಭೆಯವರೇ ಅಲ್ಲದ ಒಬ್ಬ ಬೀಡಿ ಕಟ್ಟುವ ಹೆಂಗಸು, ಪಕ್ಕದ ಬಾಡಿಗೆ ಮನೆಯವರು.

ಈ ಪಟ್ಟಿಯನ್ನು ಪುಸ್ತಕದಲ್ಲಿ ಪೂರ್ತಿ ಹಾಕಲಿಲ್ಲ. ಒಬ್ಬೊಬ್ಬರ ಮನೆಯ ದುಃಖ ಅದು. ಆಯಾ ಮನೆಯವರಿಗೆ ನಾನೇ ಹೋಗಿ ಪುಟ ತೋರಿಸಿ, ಒಪ್ಪಿದವರದ್ದು ಮಾತ್ರ ಸೇರಿಸಿದೆ. ಬೈಬಲ್‌ನ ನಡುವೆ ಮಡಚಿಟ್ಟ ಒಂದು ಪೇಪರಿನ ತುಂಡೂ ಸಿಕ್ಕಿತು. 2013ರಲ್ಲಿ ಪುಷ್ಪಾ ಲಲಿತಾ ಆಂಧ್ರದ ನಂದ್ಯಾಲದ ಬಿಷಪ್ ಆದಾಗಿನ ಸುದ್ದಿ. ಸಿಎಸ್‌ಐಗೆ ಅವರೇ ಮೊದಲ ಮಹಿಳಾ ಬಿಷಪ್. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟುವಾಗ ದೊಡ್ಡಮ್ಮನಿಗೆ ಹದಿನಾರು ಹದಿನೇಳು. ಆ ಪೇಪರನ್ನು ಕತ್ತರಿಸಿಟ್ಟದ್ದು ಎಂಬತ್ತು ದಾಟಿದ ಮೇಲೆ. ಅದರ ಬಗ್ಗೆ ಅವರು ಯಾರ ಹತ್ತಿರವೂ ಮಾತಾಡಿದ ನೆನಪಿಲ್ಲ. ನಾನೂ ವಿವರಣೆ ಹಾಕದೆ, ತುಂಡು ಸಿಕ್ಕಿತು ಅಂತಷ್ಟೇ ಬರೆದೆ.

ಹಳೆಯ ಫೋಟೋಗಳಿಗಾಗಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರ ಇದೆ. ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿರುವ ಮಿಶನ್ನಿನ ಸಂಗ್ರಹದ ಚಿತ್ರಗಳನ್ನು ಇಂಟರ್‌ನೆಟ್ಟಿನಲ್ಲೇ ನೋಡಬಹುದು. ಕಾರ್ಖಾನೆ, ಶಾಲೆ, ಮೂಲ್ಕಿಯ ಹೆಣ್ಣುಮಕ್ಕಳ ಅನಾಥಾಲಯ ಎಲ್ಲದರ ಚಿತ್ರ ಸಿಗುತ್ತದೆ. ಆದರೆ ಹಲವು ಚಿತ್ರಗಳ ಅಡಿಯಲ್ಲಿ ದೊರೆಸಾನಿಯ ಹೆಸರಿದ್ದು, ಸುತ್ತ ಕೂತ ನಮ್ಮ ಹೆಂಗಸರ ಹೆಸರು ಇರುವುದಿಲ್ಲ. ಅದಕ್ಕೇ ನಮ್ಮ ಪುಸ್ತಕದ ಗ್ರೂಪ್ ಫೋಟೋಗಳಲ್ಲಿ ಒಂದೊಂದು ತಲೆಗೂ ಹೆಸರು ಹಾಕಲು ಹಟ ಹಿಡಿದೆ. ಫೋಟೋವನ್ನು ದೊಡ್ಡದು ಮಾಡಿ ಪ್ರಿಂಟ್ ತೆಗೆದು, ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ಮೇಜಿನ ಮೇಲೆ ಪೆನ್ಸಿಲ್ ಸಮೇತ ಇಟ್ಟೆ. ಜನರೇ ಬರೆದರು, ತಿದ್ದಿದರು, ಒಂದು ತಲೆಗೆ ಎರಡು ಹೆಸರು ಬಂದು ವಾದವೂ ಆಯಿತು.

ಅಚ್ಚಿಗೆ ಮಂಗಳೂರಿಗೆ ಕೊಟ್ಟೆವು. ಅಕ್ಷರ ದೊಡ್ಡದಿರಲಿ ಅಂತ ಹೇಳಿ, ಓದುವವರಲ್ಲಿ ಹೆಚ್ಚಿನವರಿಗೆ ಕನ್ನಡಕ ಉಂಟು. ಲೆಕ್ಕದ ಪುಸ್ತಕಗಳನ್ನು ಮೊಬೈಲಿನಲ್ಲಿ ಪುಟ ಪುಟ ಫೋಟೋ ತೆಗೆದು ಒಂದು ಪ್ರತಿ ಸಭಾಪಾಲಕರಿಗೆ, ಒಂದು ಮಗಳಿಗೆ ಕೊಟ್ಟಿದ್ದೇನೆ. ಫ್ಲಾಶ್ ಹಾಕಬೇಡಿ, ಬೆಳಿಗ್ಗೆ ಕಿಟಕಿಯ ಬೆಳಕು ಸಾಕು, ಪೆನ್ಸಿಲಿನ ಬರಹ ಆಗ ಚೆನ್ನಾಗಿ ಕಾಣುತ್ತದೆ.

ಈಗ ಚರ್ಚಿನ ಹಾಡುವ ತಂಡದ, ಅಂದರೆ ಕಾಯರಿನ, ಹಳೆಯ ಬಾಸ್ ದನಿಯ ಮಾಸ್ಟ್ರ ಹಿಂದೆ ಬಿದ್ದಿದ್ದೇನೆ. ಅವರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಹಾಗಾಗಿ ಅವರನ್ನೇ ಕೇಳಿ ಬರೆದುಕೊಳ್ಳುತ್ತಿದ್ದೇನೆ. ಮೊದಲ ದಿನ ಪುಸ್ತಕ, ಪೆನ್ನು ಹಿಡಿದು ಹೋದಾಗ ಬಾಗಿಲಲ್ಲೇ ನಿಲ್ಲಿಸಿ, ‘ನಿನಗೇನು ಅಷ್ಟು ಅವಸರ?’ ಅಂದರು. ಆಮೇಲೆ ಒಳಗೆ ಕರೆದು ಚಾ ಕೊಟ್ಟು, ಆರ್ಗನ್ ರಿಪೇರಿಯ ಜಗಳದಿಂದ ಶುರು ಮಾಡಿದರು.