ಹಾರೂನ್ ಅಲ್-ರಶೀದನ ಕಾಲರೇಖೆ: ಹಿಜರಿ ವರ್ಷವನ್ನು ಚಾರ್ಟಿಗೆ ಇಳಿಸುವ ಲೆಕ್ಕ

ಕೋಲಾರ ಸೀಮೆಯಲ್ಲಿ ಶಾಸನ ಓದುವವರಿಗೆ ಶಕವರ್ಷ ಕಂಡ ಕೂಡಲೇ 78 ಕೂಡಿಸುವುದು ರೂಢಿ. ಹೈಸ್ಕೂಲು ಮಕ್ಕಳಿಂದ ಅಬ್ಬಾಸಿ ಖಲೀಫ ಹಾರೂನ್ ಅಲ್-ರಶೀದನ ಕಾಲರೇಖೆ ಬರೆಸುವಾಗಲೂ ಅದೇ ರೂಢಿ ಕೈಕೊಡುತ್ತದೆ. ಪಟ್ಟಕ್ಕೆ ಬಂದದ್ದು ಹಿಜರಿ, ಅಂದರೆ ಇಸ್ಲಾಮಿ ಪಂಚಾಂಗದ, 170. ಅದಕ್ಕೆ ಹಿಜರಿ ಶುರುವಾದ ಇಸವಿ 622 ಕೂಡಿಸಿ 792 ಎಂದು ಬರೆಯುತ್ತಾರೆ. ಸರಿಯಾದ ಇಸವಿ 786.

ಪಂಚಾಂಗ ನೋಡುವವರಿಗೆ ಕಾರಣ ಬೇಗ ಹೊಳೆಯುತ್ತದೆ. ನಮ್ಮಲ್ಲೂ ಚಾಂದ್ರಮಾಸವೇ, ಆದರೆ ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ. ಹಿಜರಿಯಲ್ಲಿ ಅಧಿಕಮಾಸವಿಲ್ಲ, ವರ್ಷಕ್ಕೆ 354 ಇಲ್ಲವೇ 355 ದಿನ. ಬಾಬಯ್ಯನ ಹಬ್ಬ (ಮೊಹರಂ) ವರ್ಷವರ್ಷವೂ ಹತ್ತು-ಹನ್ನೊಂದು ದಿನ ಹಿಂದೆ ಸರಿಯುವುದು ಅದಕ್ಕೇ.

ಹಿಜರಿ ವರ್ಷದ ಉದ್ದ ಸೌರವರ್ಷದ 0.9702 ಪಾಲು. ಹಾಗಾಗಿ ಹಿಜರಿ ವರ್ಷವನ್ನು 0.9702ರಿಂದ ಗುಣಿಸಿ, 621.57 ಕೂಡಿಸಿ. 170ಕ್ಕೆ 786.50 ಬರುತ್ತದೆ. ಇದು ಹಿಜರಿ ವರ್ಷದ ಮೊದಲ ದಿನ ಮೊಹರಂ 1ರ ಸ್ಥಾನ ಮಾತ್ರ, ಅಂದರೆ ಜುಲೈ ಮೊದಲ ವಾರ. ತಿಂಗಳು ಎಣಿಸದೆ ಇಲ್ಲಿಗೇ ನಿಲ್ಲಿಸಿದರೆ ಕೆಡುತ್ತದೆ. 193ಕ್ಕೆ 808.82, ಅಂದರೆ 808ರ ಅಕ್ಟೋಬರ್ 25. ಆದರೆ ಹಾರೂನ್ ಇರಾನಿನ ತೂಸ್‌ನಲ್ಲಿ ತೀರಿಕೊಂಡದ್ದು ಆ ವರ್ಷದ ಆರನೇ ತಿಂಗಳು, ಜುಮಾದಲ್-ಆಖಿರ 3ರಂದು. ಮೊದಲ ಐದು ತಿಂಗಳಿಗೆ 30, 29, 30, 29, 30, ಒಟ್ಟು 148 ದಿನ ಮುಂದೆ ಹೋಗಿ. ಮೂರನೇ ದಿನ 809ರ ಮಾರ್ಚ್ 24. ಇಸವಿಯೇ ಬದಲಾಯಿತು, ನೋಡಿ.

ಪಟ್ಟಕ್ಕೆ ಬಂದ ದಿನ 786ರ ಸೆಪ್ಟೆಂಬರ್ 14. ಅದೇ ರಾತ್ರಿ ಅಣ್ಣ ಅಲ್-ಹಾದಿ ಸತ್ತ, ಮಗ ಮಾಮೂನ್ ಹುಟ್ಟಿದ. ಕೆಲವು ಪುಸ್ತಕಗಳಲ್ಲಿ 15 ಎಂದಿದ್ದರೆ ಗಾಬರಿ ಬೇಡ: ಹಿಜರಿಯಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಮೊಬೈಲ್ ಆ್ಯಪ್ 18 ಎಂದು ತೋರಿಸಿದರೆ ಅದು ಇಂದಿನ ಗ್ರೆಗೋರಿಯನ್ ಕ್ಯಾಲೆಂಡರಿನ ಲೆಕ್ಕ; ಆ ಕಾಲಕ್ಕೆ ಇತಿಹಾಸದ ಪುಸ್ತಕಗಳು ಹಳೆಯ ಜೂಲಿಯನ್ ಕ್ಯಾಲೆಂಡರಿನ ತಾರೀಖನ್ನೇ ಕೊಡುತ್ತವೆ.

ಇನ್ನು ಚಾರ್ಟು. 71 ಸೆಂ.ಮೀ ಉದ್ದದ ಶೀಟಿನಲ್ಲಿ ಎಡಗಡೆ 5 ಸೆಂ.ಮೀ ಬಿಟ್ಟು ಸೊನ್ನೆ ಗುರುತು ಹಾಕಿ. ಅದು 786ರ ಜನವರಿ. ಇಸವಿಗೆ 2.5 ಸೆಂ.ಮೀ, 809ರ ಕೊನೆಗೆ 60 ಸೆಂ.ಮೀ. ಆ ಒಂದು ರಾತ್ರಿಯ ಮೂರು ಸಂಗತಿ ಅಷ್ಟು ಜಾಗದಲ್ಲಿ ಹಿಡಿಸುವುದಿಲ್ಲ, 1.75 ಸೆಂ.ಮೀ ಹತ್ತಿರ ಒಂದೇ ಗೆರೆ ಮೇಲಕ್ಕೆಳೆದು ಅಲ್ಲಿ ಬರೆಯಿರಿ. ಹಾರೂನನ ಮಂತ್ರಿಗಳಾಗಿದ್ದ ಬರ್ಮಕಿ ಮನೆತನ ಉರುಳಿದ್ದು ಹಿಜರಿ 187ರ ಎರಡನೇ ತಿಂಗಳು ಸಫರ್‌ನಲ್ಲಿ. ಅದು 803ರ ಜನವರಿ ಕೊನೆ. ಹಾರೂನ್ ಕಳಿಸಿದ ಆನೆ ಫ್ರಾಂಕರ ದೊರೆ ಶಾರ್ಲಮೇನ್‌ನ ರಾಜಧಾನಿ ಆಖೆನ್ ತಲುಪಿದ 802 ಮಾತ್ರ ಐರೋಪ್ಯ ದಾಖಲೆಯದು, ಅದನ್ನು ಮತ್ತೆ ಪರಿವರ್ತಿಸಬೇಡಿ.

ಕೆಳಗೆ ಹಿಜರಿ ಗೆರೆಗಳ ನಡುವೆ 2.43 ಸೆಂ.ಮೀ ಬರುತ್ತದೆ. ಒಂದರ ಮುಂದೊಂದು ಅಳೆದರೆ ತಪ್ಪು ಕೂಡುತ್ತಾ ಹೋಗುತ್ತದೆ. ಪ್ರತಿ ಗೆರೆಯನ್ನೂ ಸೊನ್ನೆಯಿಂದಲೇ ಅಳೆಯಿರಿ. 193ರ ಗೆರೆ 57.05 ಸೆಂ.ಮೀಗೆ ಬಿದ್ದರೆ ಪೆನ್ಸಿಲ್ ಮೇಲೆ ಶಾಯಿ ತಿದ್ದಬಹುದು.